ಒಳಹಿಡಿ

ಮಾರ್ಚ್ 3

ಪ್ರೀತಿಯ ಅಕ್ಕನಿಗೆ,

ನಡೆದದ್ದನ್ನು ನಡೆದ ಕ್ರಮದಲ್ಲೇ ಬರೆಯುತ್ತೇನೆ.

1. ಗುರುವಾರ ಮಧ್ಯಾಹ್ನ ನಾನು ಒಂದು ಕಪಾಟಿನೊಳಗೆ ಸಿಕ್ಕಿಕೊಂಡೆ.

2. ಕಪಾಟು ಹೊಸ ಮಾದರಿಯದು. ಉಕ್ಕಿನ ತಗಡು, ಒಂಟಿ ಬಾಗಿಲು, ಆಳೆತ್ತರ, ಒಳಗೆ ಬಟ್ಟೆ ತೂಗುಹಾಕಲು ಅಡ್ಡ ಸರಳು. ವಸತಿ ಶಾಲೆಯೊಂದರ ಚಿಕ್ಕ ಮಕ್ಕಳು ಮಲಗುವ ಕೋಣೆಗಳಿಗೆಂದು ತಯಾರಾದ ಬ್ಯಾಚಿನ ಮೊದಲನೆಯದು.

3. ಹೊಸ ಬ್ಯಾಚಿನ ಮೊದಲ ಕಪಾಟಿನೊಳಗೆ ನಾನೇ ನಿಂತು, ಬಾಗಿಲು ಹಾಕಿಸಿಕೊಂಡು, ಒಳಗಿನಿಂದ ತೆರೆದು ನೋಡುವುದು ನನ್ನ ಪದ್ಧತಿ. ಯಾವ ನಿಯಮದಲ್ಲೂ ಇದು ಇಲ್ಲ.

4. ಒಳಗೆ ಹೋಗುವ ಮುನ್ನ ಜೇಬಿನಲ್ಲಿರುವುದನ್ನೆಲ್ಲ, ಫೋನೂ ಸೇರಿ, ಮೇಜಿನ ಮೇಲಿಡುತ್ತೇನೆ. ಬಣ್ಣಕ್ಕೆ ಗೀರು ಬೀಳಬಾರದು.

5. ಬಾಗಿಲು ಹಾಕಿದವನು ನಮ್ಮ ಫೋರ್‌ಮನ್. ಬಾಯಿ ಮುಚ್ಚದ ಕಾರಣ ಅವನನ್ನು ಎಲ್ಲರೂ ರೇಡಿಯೋ ಎನ್ನುತ್ತಾರೆ. ಹಾಕುವಾಗ ಅವನು ಹೇಳಿದ್ದು: "ಸಾಹೇಬ್ರು ಮನೆ ನೋಡೋಕೆ ಬಂದಿದಾರೆ. ಹಿಡಿಸಿದ್ರೆ ಇಲ್ಲೇ ಉಳ್ಕೋತಾರೆ."

6. ಆಗಲೇ ಷೋರೂಮಿನಿಂದ ನಮ್ಮ ಭಾವ ಅವನಿಗೆ ಫೋನ್ ಮಾಡಿದರು. ಅವನು ಮಾತನಾಡುತ್ತ ಅಂಗಳಕ್ಕೆ ಹೋದ. ಅಲ್ಲಿಂದ ಹಾಗೇ ಊಟಕ್ಕೆ ಹೋದ.

7. ಬಾಗಿಲಿನ ಒಳಮೈಯಲ್ಲಿ ಒಂದು ಪುಟ್ಟ ಹಿಡಿ ಇರುತ್ತದೆ. ಅದನ್ನು ಕೆಳಕ್ಕೆ ಒತ್ತಿದರೆ ಚಿಲಕ ಸರಿಯಬೇಕು. ಒತ್ತಿದೆ. ಹಿಡಿ ಅಲುಗಲಿಲ್ಲ.

8. ಎಷ್ಟು ಹೊತ್ತು ಒಳಗಿದ್ದೆ ಎಂದು ಹೇಳಲಾರೆ. ಊಟದ ಗಂಟೆ ಹೊಡೆದದ್ದು ಕೇಳಿಸಿತು. ಊಟ ಮುಗಿದ ಗಂಟೆ ಹೊಡೆದದ್ದೂ ಕೇಳಿಸಿತು.

9. ಬಣ್ಣದ ವಿಭಾಗದ ಹೆಂಗಸೊಬ್ಬಳು ಬಾಗಿಲು ತೆರೆದಳು. ನನ್ನನ್ನು ಕಂಡು ಕ್ಷಮೆ ಕೇಳಿ ಮತ್ತೆ ಮುಚ್ಚಲು ಹೋದಳು. ನಾನು ತಡೆದೆ.

10. ಪೆಟ್ಟಾಗಿಲ್ಲ.

11. ಇಡೀ ಬ್ಯಾಚಿಗೆ ಕೆಂಪು ಚೀಟಿ ಅಂಟಿಸಿದ್ದೇನೆ. ನಾನು ಅದನ್ನು ತೆಗೆಯುವವರೆಗೆ ಒಂದು ಕಪಾಟೂ ಲಾರಿ ಹತ್ತುವಂತಿಲ್ಲ.

ಭಾವ ಇದನ್ನು ಬೇರೆ ರೀತಿ ಹೇಳಬಹುದು. ಆದ್ದರಿಂದ ಬರೆದೆ.

ನಿನ್ನ ತಮ್ಮ


ಮಾರ್ಚ್ 9

ತಮ್ಮಾ,

ಕಾರ್ಖಾನೆಯಿಂದ ಷೋರೂಮಿಗೆ ಬರುವ ವ್ಯಾನಿನ ಡ್ರೈವರಣ್ಣ ನಿನ್ನ ಕಾಗದ ತಂದುಕೊಟ್ಟ. ಅದಕ್ಕೆ ಮುಂಚೆಯೇ ಸುದ್ದಿ ಬಂದು ಕೂತಿತ್ತು.

ಷೋರೂಮಿನ ಗಿರಾಕಿಗಳಿಬ್ಬರು ಮನೆಗೆ ಊಟಕ್ಕೆ ಬಂದಿದ್ದರು. ನಿಮ್ಮ ಭಾವ ಎದ್ದು ನಿಂತು ಆಡಿ ತೋರಿಸಿದರು. ಕೈ ಎರಡೂ ಮೈಗೆ ಅಂಟಿಸಿಕೊಂಡು, ಕಣ್ಣು ಪಿಳಿಪಿಳಿ ಬಿಡುತ್ತ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಿಮ್ಮ ಭಾವನ ತುಟಿ ನನಗೆ ಪೂರ್ತಿ ಕಾಣಿಸಲಿಲ್ಲ. ಯಾರೋ ಕಳ್ಳ ಬೀರುವಿನಲ್ಲಿ ಸಿಕ್ಕಿಬಿದ್ದ ಕಥೆ ಇರಬೇಕು ಅಂದುಕೊಂಡು ನಾನೂ ನಕ್ಕೆ. ಆಮೇಲೆ ನನ್ನ ಕಡೆ ತಿರುಗಿ ಬಿಡಿಸಿ ಹೇಳಿದರು. "ನಿನ್ನ ತಮ್ಮ ಕಣೇ. ಕಪಾಟು ಇರೋದು ಬಟ್ಟೆ ಇಡೋಕೆ, ಭಾವಮೈದುನನ್ನ ಇಡೋಕಲ್ಲ." ನಕ್ಕ ಬಾಯಿ ಮುಚ್ಚುವುದು ಹೇಗೆ ಅಂತಲೇ ತಿಳಿಯಲಿಲ್ಲ ಕಣೋ.

ಒಂದು ವಿಷಯಕ್ಕೆ ಮಾತ್ರ ಅವರನ್ನು ಮೆಚ್ಚಬೇಕು. ನನ್ನ ಕಿವಿ ಪೂರಾ ಹೋದಮೇಲೆ ಈ ಮನೆಯಲ್ಲಿ ಮುಖಕ್ಕೆ ಮುಖ ಕೊಟ್ಟು ನಿಧಾನವಾಗಿ ಮಾತಾಡುವವರು ಅವರೊಬ್ಬರೇ. ಕೆಲಸದವರದ್ದು, ನೆರೆಯವರದ್ದು ಎಲ್ಲ ಕೈಸನ್ನೆ. ನಾನೇನೋ ಹಸುವೋ ಎಮ್ಮೆಯೋ ಅನ್ನುವ ಹಾಗೆ. ನೀನು ಹೋದ ಸಲ ಕೇಳಿದ್ದೆಯಲ್ಲ, ನನಗೊಂದು ಫೋನ್ ಕೊಡಿಸಿದರೆ ಬರೆದು ಕಳಿಸಿಕೊಳ್ಳಬಹುದು ಅಂತ. ಕೇಳಿದೆ. ಕೇಳಿಸದವಳಿಗೆ ಫೋನ್ ಯಾಕೆ ಅಂದರು. ಅದೂ ಸರಿಯೇ ಅನ್ನಿಸಿ ಸುಮ್ಮನಾದೆ. ಕಾಗದವನ್ನು ಡ್ರೈವರಣ್ಣನ ಕೈಗೇ ಕೊಡುತ್ತಿರು. ಅಂಚೆಯಲ್ಲಿ ಬಂದರೆ ಕೆಳಗೆ ಷೋರೂಮಿನಲ್ಲೇ ಒಡೆದುಬಿಡುತ್ತಾರೆ.

ಇಷ್ಟು ವರ್ಷ ಈ ಕಾರ್ಖಾನೆಯವರ ಮನೆಯಲ್ಲಿದ್ದೀನಿ, ಕಪಾಟಿಗೆ ಅಷ್ಟೊಂದು ಪರೀಕ್ಷೆ ಏನಿರುತ್ತದೆ ಅಂತ ನನಗೆ ಗೊತ್ತಿಲ್ಲ. ಬಿಡಿಸಿ ಬರೆ.

ಇನ್ನೊಂದು. ಹನ್ನೊಂದು ಅಂಶ ಬರೆದಿದ್ದೀಯ. ಏಳಕ್ಕೂ ಎಂಟಕ್ಕೂ ನಡುವೆ ನೀನು ಒಳಗೆ ಏನು ಮಾಡುತ್ತಿದ್ದೆ ಅನ್ನುವುದೇ ಇಲ್ಲ. ಚಿಕ್ಕಂದಿನಿಂದಲೂ ನೀನು ಇಷ್ಟೇ. ಜ್ವರ ಬಂದರೆ ಜ್ವರ ಎಷ್ಟಿದೆ ಅಂತ ಹೇಳುವವನು, ಹೇಗಿದೆ ಅಂತ ಹೇಳುವವನಲ್ಲ.

ಹೊತ್ತಿಗೆ ಸರಿಯಾಗಿ ಊಟ ಮಾಡು.

ಅಕ್ಕ


ಮಾರ್ಚ್ 17

ಪ್ರೀತಿಯ ಅಕ್ಕನಿಗೆ,

ನೀನು ಕೇಳಿದ್ದನ್ನು ಬರೆಯುತ್ತೇನೆ. ಪ್ರತಿಯೊಂದು ಬಗೆಯ ಕಪಾಟಿಗೂ ಅದರದೇ ಆದ ಒಂದು ಕೆಟ್ಟ ಬುದ್ಧಿ ಇರುತ್ತದೆ. ಅದನ್ನು ಮೊದಲೇ ಕಂಡುಹಿಡಿಯುವುದು ನನ್ನ ಉದ್ಯೋಗ.

ಡ್ರಾಯರ್‌ಗಳಿರುವ ಕಚೇರಿ ಕಪಾಟು ಮುಂದಕ್ಕೆ ಮಗುಚಲು ನೋಡುತ್ತದೆ. ಮೇಲಿನ ಎರಡು ಡ್ರಾಯರ್ ತುಂಬಿ ಒಟ್ಟಿಗೆ ಎಳೆದರೆ ಎಳೆದವನ ಮೇಲೆಯೇ ಬೀಳುತ್ತದೆ. ಆದ್ದರಿಂದ ಒಂದು ತೆರೆದಿರುವಾಗ ಇನ್ನೊಂದು ತೆರೆಯದಂತೆ ಒಳಗೆ ಒಂದು ಕಟ್ಟು ಇಡುತ್ತೇವೆ. ಪುಸ್ತಕದ ಕಪಾಟಿನ ಹಲಗೆಗಳು ಭಾರಕ್ಕೆ ಬಳುಕುತ್ತವೆ. ಬಳುಕುವುದು ತಪ್ಪಲ್ಲ, ಭಾರ ಇಳಿಸಿದ ಮೇಲೆ ನೆಟ್ಟಗಾಗದಿರುವುದು ತಪ್ಪು. ಔಷಧಿ ಇಡುವ ಕಪಾಟಿನ ಬಾಗಿಲು ಮುಚ್ಚಿದಂತೆ ಕಾಣುತ್ತದೆ, ಆದರೆ ಮುಚ್ಚಿರುವುದಿಲ್ಲ. ಆಳೆತ್ತರದ ಬಟ್ಟೆ ಕಪಾಟಿನದು ಇದಕ್ಕೆ ವಿರುದ್ಧ. ಬಾಗಿಲು ತಳ್ಳಿದರೆ ಸಾಕು, ಚಿಲಕ ತಾನೇ ಬೀಳುತ್ತದೆ. ಒಳಗೊಂದು ಮಗು ನಿಲ್ಲುವಷ್ಟು ಜಾಗವಿರುವುದರಿಂದ, ಮಕ್ಕಳು ಕಣ್ಣಾಮುಚ್ಚಾಲೆ ಆಡುವುದರಿಂದ, ಒಳಹಿಡಿ ಇಡುತ್ತೇವೆ.

ಈ ಬ್ಯಾಚಿನಲ್ಲಿ ಆಗಿರುವುದು ಹೀಗೆ. ಬಟ್ಟೆಯ ಸರಳನ್ನು ಹೊರುವ ಬ್ರಾಕೆಟ್ ಪಕ್ಕದ ಗೋಡೆಗೆ ಬೆಸೆದಿರುತ್ತದೆ. ಜೋಡಿ ಬಾಗಿಲಿನ ಮಾದರಿಗೂ ಒಂಟಿ ಬಾಗಿಲಿನ ಮಾದರಿಗೂ ಬೇರೆ ಬೇರೆ ಬ್ರಾಕೆಟ್ ಇತ್ತು. ಈ ಸಲ ಎರಡಕ್ಕೂ ಒಂದೇ ಅಚ್ಚು ಬಳಸಲು ಭಾವ ಹೇಳಿದರು. ಅದು ಒಂಟಿ ಬಾಗಿಲಿನದಕ್ಕಿಂತ ಹೆಬ್ಬೆರಳಿನಗಲ ಹೆಚ್ಚು ಉದ್ದ. ಬಾಗಿಲು ಮುಚ್ಚಿದಾಗ ಬ್ರಾಕೆಟ್ಟಿನ ತುದಿ ಒಳಹಿಡಿಯ ಕೆಳಗೆ ಬಂದು ನಿಲ್ಲುತ್ತದೆ. ಹಿಡಿಯನ್ನು ಎಷ್ಟು ಒತ್ತಿದರೂ ಕೆಳಗಿಳಿಯುವುದಿಲ್ಲ. ಬಾಗಿಲು ತೆರೆದಿಟ್ಟು ಒತ್ತಿ ನೋಡಿದರೆ ಬೆಣ್ಣೆಯಂತೆ ಇಳಿಯುತ್ತದೆ. ಅಂದರೆ ಹೊರಗೆ ನಿಂತವನಿಗೆ ಈ ದೋಷ ಎಂದೂ ಕಾಣುವುದಿಲ್ಲ.

ಗಾಳಿಯ ಸೀಳುಗಳು ಹಿಂಬದಿಯಲ್ಲಿವೆ. ನನ್ನ ಕಪಾಟು ಶೆಡ್ಡಿನ ನಡುವೆ ನಿಂತಿತ್ತು. ಶಾಲೆಯಲ್ಲಿ ಅವುಗಳನ್ನು ಗೋಡೆಗೆ ಒತ್ತಿ ನಿಲ್ಲಿಸುತ್ತಾರೆ.

ಸೋಮವಾರ ಭಾವ ಬಂದಿದ್ದರು. ಕೆಂಪು ಚೀಟಿಗಳ ಸಾಲನ್ನು ನೋಡಿ, ಒಳ್ಳೆ ಮದುವೆ ಮನೆಯ ಹಾಗಿದೆಯಲ್ಲೋ ಎಂದು ನಕ್ಕರು. ನಾನು ದೋಷವನ್ನು ತೋರಿಸಿದೆ. ಶ್ರದ್ಧೆಯಿಂದ ನೋಡಿದರು. ಬ್ರಾಕೆಟ್ಟಿನ ತುದಿ ಕತ್ತರಿಸಿ ಮತ್ತೆ ಬಣ್ಣದ ಪುಡಿ ಹಚ್ಚಿ ಕುಲುಮೆಯಲ್ಲಿ ಬೇಯಿಸಬೇಕು ಎಂದೆ. ಅಷ್ಟರಲ್ಲಿ ಶಾಲೆ ತೆರೆದುಬಿಡುತ್ತದೆ, ಅವರು ಬೇರೆ ಕಡೆ ಕೊಳ್ಳುತ್ತಾರೆ ಎಂದರು. ಆಮೇಲೆ ತಪಾಸಣೆಯ ಹಾಳೆಯನ್ನು ತರಿಸಿ ಒಂದೊಂದೇ ಸಾಲನ್ನು ಗಟ್ಟಿಯಾಗಿ ಓದಿದರು. ತಗಡಿನ ದಪ್ಪ, ಬಣ್ಣದ ಅಂಟು, ಬೀಗ ಹೊರಗಿನಿಂದ, ಒಳಹಿಡಿ ಬಾಗಿಲು ತೆರೆದಿರುವಾಗ. ಪ್ರತಿ ಸಾಲಿಗೂ ನನ್ನ ಕಡೆ ನೋಡಿ, ಇದು ನಿಜವೋ ಸುಳ್ಳೋ ಎಂದು ಕೇಳಿದರು. ಪ್ರತಿ ಸಲವೂ ನಿಜ ಎಂದೆ.

"ಮತ್ತೆ? ಸುಳ್ಳು ಬರಿ ಅಂತ ನಿನಗೆ ಯಾರಾದ್ರೂ ಹೇಳಿದ್ರೇನಪ್ಪಾ?"

ಅಕ್ಕ, ಆ ಹಾಳೆಯಲ್ಲಿ ಒಂದು ಸುಳ್ಳೂ ಇಲ್ಲ. ನಾನು ಸಹಿ ಹಾಕಿದರೆ ನಾನು ಬರೆದ ಒಂದಕ್ಷರವನ್ನೂ ಯಾರೂ ತಪ್ಪೆನ್ನಲಾರರು. ಬಾಗಿಲು ಮುಚ್ಚಿ ಒಳಗೆ ನಿಂತು ನೋಡಬೇಕೆಂಬ ಸಾಲು ಅದರಲ್ಲಿಲ್ಲ, ಅಷ್ಟೆ.

ಸಹಿ ಹಾಕಿಲ್ಲ. ಭಾವ ಸಿಟ್ಟಾಗಲಿಲ್ಲ. ಹೊರಡುವಾಗ, ನಿಮ್ಮಕ್ಕನಿಗೆ ಏನಾದರೂ ಹೇಳಬೇಕೇ ಎಂದು ಕೇಳಿದರು. ಆರೋಗ್ಯ ನೋಡಿಕೊಳ್ಳಲು ಹೇಳಿ ಎಂದೆ. "ಹೇಳ್ತೀನಿ, ಹೇಳೋ ಮನಸ್ಸಿದ್ರೆ" ಎಂದರು.

ನಿನ್ನ ತಮ್ಮ


ಮಾರ್ಚ್ 26

ತಮ್ಮಾ,

ಇಲ್ಲಿ ಎಲ್ಲ ಚೆನ್ನಾಗಿದೆ.

ನಿಮ್ಮ ಭಾವ ಈಗ ಕಿಟಕಿಯ ಕಡೆ ಮುಖ ಮಾಡಿ ಊಟಕ್ಕೆ ಕೂರುತ್ತಾರೆ. ಸೆಕೆ ಅಲ್ಲವಾ, ಗಾಳಿ ಬರಲಿ ಅಂತ ಇರಬೇಕು. ನನಗೆ ಮುಖದ ಒಂದು ಮಗ್ಗುಲು ಕಾಣುತ್ತದೆ. ಒಂದು ಮಗ್ಗುಲಿನಲ್ಲಿ ಅರ್ಧ ಮಾತು ಓದಬಹುದು. ಮಿಕ್ಕಿದ್ದನ್ನು ನಾನೇ ತುಂಬಿಕೊಳ್ಳುತ್ತೀನಿ. ನಿನ್ನೆ ಉಪ್ಪು ಅಂದರೋ ತುಪ್ಪ ಅಂದರೋ ತಿಳಿಯದೆ ಎರಡನ್ನೂ ತಂದಿಟ್ಟೆ. ಎರಡನ್ನೂ ಮುಟ್ಟಲಿಲ್ಲ.

ಈ ವಾರ ನಾನು ಬಾಯಿ ಬಿಟ್ಟಿದ್ದು ತರಕಾರಿಯವಳ ಹತ್ತಿರ ಮಾತ್ರ. ನನ್ನ ದನಿ ಹೇಗಿದೆಯೋ ಗೊತ್ತಿಲ್ಲ, ಅವಳು ಬೆಚ್ಚಿದಳು.

ನೀನು ಅಂದುಕೊಂಡ ಹಾಗೆ ಏನೂ ಇಲ್ಲ. ನೀನು ಏನು ಅಂದುಕೊಂಡಿದ್ದೀಯ ಅಂತಲೂ ಬರೆಯಬೇಡ.

ಆ ಶಾಲೆಯ ಮಕ್ಕಳು ಎಷ್ಟು ವಯಸ್ಸಿನವರು?

ಅಕ್ಕ


ಏಪ್ರಿಲ್ 4

ಪ್ರೀತಿಯ ಅಕ್ಕನಿಗೆ,

ಮಕ್ಕಳು ಐದರಿಂದ ಒಂಬತ್ತು ವರ್ಷದವರು.

ನಿನ್ನ ಮನೆಯ ಕಿಟಕಿ ಪಶ್ಚಿಮಕ್ಕಿದೆ. ಮಧ್ಯಾಹ್ನ ಆ ಕಡೆಯಿಂದ ಬರುವುದು ಬಿಸಿಲು, ಗಾಳಿಯಲ್ಲ. ಬರೆಯಬೇಡ ಎಂದಿದ್ದೀಯ. ಇಷ್ಟಕ್ಕೇ ನಿಲ್ಲಿಸುತ್ತೇನೆ.

ಈ ಒಂದು ತಿಂಗಳಲ್ಲಿ ನಾನು ಎಣಿಸಿ ನೋಡಿದ ದಾರಿಗಳನ್ನು ಬರೆಯುತ್ತೇನೆ. ಕೆಲಸ ಬಿಟ್ಟರೆ ಕೆಂಪು ಚೀಟಿ ತೆಗೆಯುವ ಅಧಿಕಾರ ಮುಂದೆ ಬರುವವನಿಗೆ ಹೋಗುತ್ತದೆ, ಅವನು ತೆಗೆಯುತ್ತಾನೆ. ಬಿಡದಿದ್ದರೆ ಭಾವ ಕಿಟಕಿಯ ಕಡೆಯೇ ನೋಡುತ್ತಿರುತ್ತಾರೆ. ಸಹಿ ಹಾಕಿದರೆ ಅವರು ನಿನ್ನ ಕಡೆ ತಿರುಗುತ್ತಾರೆ. ಅಪ್ಪ ಹೋದ ಮೇಲೆ ನನ್ನನ್ನು ತಾಂತ್ರಿಕ ಶಾಲೆಗೆ ಸೇರಿಸಿದವರು ಅವರು. ನಾನು ವಾಸವಿರುವ ಈ ಕೋಣೆ ಅವರದು, ಕೆಳಗಿನ ಯಂತ್ರಗಳು ಅವರವು. ರಸಮಟ್ಟ ಹಿಡಿದು ಸಮವಾಗಿದೆಯೇ ಎಂದು ನೋಡುವುದನ್ನು ನನಗೆ ಮೊದಲು ಕಲಿಸಿದವರೂ ಅವರೇ. ಅವರು ಕೆಟ್ಟವರೆಂದು ಹೇಳಿಬಿಟ್ಟರೆ ಸುಲಭವಾಗುತ್ತಿತ್ತು. ಕೆಲಸಗಾರರ ಮನೆಯಲ್ಲಿ ಕಾಯಿಲೆಯಾದರೆ ಈಗಲೂ ಮೊದಲು ಹೋಗುವವರು ಅವರು.

ರೇಡಿಯೋ ಮಾತ್ರ ಅವನದೇ ರೀತಿಯಲ್ಲಿ ಸಮಾಧಾನ ಹೇಳುತ್ತಾನೆ. "ಸಾಹೇಬ್ರೇ, ನೀವು ಒಳಗಿದ್ದಾಗಲೂ ಸಿಕ್ಕಾಕೊಂಡ್ರಿ, ಹೊರಗ್ ಬಂದಮೇಲೂ ಸಿಕ್ಕಾಕೊಂಡ್ರಿ. ಒಳಗೇ ವಾಸಿ, ಯಾರೂ ಸಹಿ ಕೇಳ್ತಿರ್ಲಿಲ್ಲ." ಆ ದಿನ ನನ್ನನ್ನು ಮರೆತು ಊಟಕ್ಕೆ ಹೋದದ್ದಕ್ಕೆ ಅವನಿಗೆ ತುಂಬ ನೋವಾಗಿದೆ. ಅದನ್ನು ಹೇಳಲಾರದೆ ಹೀಗೆ ಹೇಳುತ್ತಾನೆ ಎಂದು ನನ್ನ ಊಹೆ.

ಒಳಗೆ ಏನು ಮಾಡುತ್ತಿದ್ದೆ ಎಂದು ನೀನು ಕೇಳಿದ ಪ್ರಶ್ನೆಗೆ ಉತ್ತರಿಸಿರಲಿಲ್ಲ. ಈಗ ಉತ್ತರಿಸುತ್ತೇನೆ.

ಮೊದಲು ನಾನು ದೋಷವನ್ನು ಪರೀಕ್ಷಿಸಿದೆ. ಬೆರಳಿನಿಂದ ತಡವಿ ಬ್ರಾಕೆಟ್ಟಿನ ತುದಿಯನ್ನು ಕಂಡುಕೊಂಡೆ. ಅರ್ಥವಾದಾಗ ಸಂತೋಷವೇ ಆಯಿತು. ಆಮೇಲೆ ತಟ್ಟಿದೆ. ಕಚೇರಿಯ ಬಾಗಿಲು ತಟ್ಟುವಂತೆ, ಬೆರಳ ಗೆಣ್ಣಿನಿಂದ, ಎರಡು ಸಲ ತಟ್ಟಿ ನಿಲ್ಲಿಸಿ ಮತ್ತೆ ಎರಡು ಸಲ. ತಗಡು ಒತ್ತುವ ಪ್ರೆಸ್ಸು ಓಡುತ್ತಿತ್ತು, ಯಾರಿಗೂ ಕೇಳಿಸಲಿಲ್ಲ. ಗಂಟೆ ಹೊಡೆದು ಪ್ರೆಸ್ಸು ನಿಂತಿತು. ಆಗ ಕೂಗಬಹುದಿತ್ತು. ಕೂಗಲಿಲ್ಲ. ಕಪಾಟಿನೊಳಗಿನಿಂದ ಕೂಗುವ ಮಾತು ಯಾವುದು? ಯಾರಾದರೂ ಇದ್ದೀರಾ ಎಂದೇ? ಬಿಡಿಸಿ ಎಂದೇ? ಇಷ್ಟು ವರ್ಷ ಇವರಿಗೆಲ್ಲ ತಪ್ಪು ತೋರಿಸಿದವನು ನಾನು. ಆ ಮಾತು ಬಾಯಿಗೆ ಬರಲಿಲ್ಲ. ಗಾಳಿ ಮುಗಿಯುವ ಮೊದಲೇ ನಾಚಿಕೆ ತುಂಬಿಕೊಳ್ಳುತ್ತದೆ ಎಂದು ಅಲ್ಲಿ ತಿಳಿಯಿತು. ಐದು ವರ್ಷದ ಮಗುವಾದರೆ ಕೂಗುತ್ತದೆ ಎನ್ನಬಹುದು. ಅಡಗಿಕೊಂಡ ಮಗು ಕೂಗುವುದಿಲ್ಲ ಅಕ್ಕ. ಸಿಕ್ಕಿಬೀಳಬಾರದೆಂದು ಸುಮ್ಮನಿರುತ್ತದೆ. ತುಂಬ ಹೊತ್ತು ಸುಮ್ಮನಿರುತ್ತದೆ.

ಕೊನೆಗೆ ಕೂಗಿದೆ. ಕೂಗಿದ್ದು ನಿನ್ನನ್ನು. ನಿನಗೆ ಕೇಳಿಸುವುದಿಲ್ಲ ಎನ್ನುವುದು ಆಗ ನೆನಪಿಗೆ ಬರಲಿಲ್ಲ.

ನಿನ್ನ ತಮ್ಮ


ಏಪ್ರಿಲ್ 11

ಚಿರಂಜೀವಿ ಭಾವಮೈದುನನಿಗೆ ಆಶೀರ್ವಾದಗಳು.

ಫೋನಿನಲ್ಲಿ ನೀನು "ಹೌದು", "ಇಲ್ಲ" ಬಿಟ್ಟರೆ ಮಾತೇ ಆಡುವುದಿಲ್ಲ. ಆದ್ದರಿಂದ ನಾನೂ ನಿಮ್ಮ ಅಕ್ಕ ತಮ್ಮಂದಿರ ಹಾಗೆ ಕಾಗದ ಬರೆಯಲು ಕೂತಿದ್ದೇನೆ. ಡ್ರೈವರ್ ಹೇಗೂ ಬರುತ್ತಾನೆ. ಅವನ ಜೇಬಿನಲ್ಲಿ ನನ್ನದೂ ಒಂದು ಇರಲಿ.

ನಿನ್ನ ಮೇಲೆ ನನಗೆ ಕೋಪವಿಲ್ಲ. ಯೋಚಿಸಿ ನೋಡಿದೆ. ನಿನ್ನಂಥವನನ್ನು ಆ ಧೂಳಿನಲ್ಲಿ ಇಷ್ಟು ಕಾಲ ಇಟ್ಟದ್ದು ನನ್ನದೇ ತಪ್ಪು. ಐವತ್ತು ದಾಟಿದ ಮೇಲೆ ಕಪಾಟಿನೊಳಗೆ ಹತ್ತಿ ಇಳಿಯುವ ಕೆಲಸ ಯಾಕೆ? ಇಲ್ಲಿ ಷೋರೂಮಿಗೆ ಒಬ್ಬ ನಂಬಿಕಸ್ಥ ಮ್ಯಾನೇಜರ್ ಬೇಕು. ಬಾ. ಮನೆಯ ಮೇಲಿನ ಕೋಣೆ ಖಾಲಿ ಇದೆ. ನಿಮ್ಮಕ್ಕನಿಗೆ ದಿನವೆಲ್ಲ ಜೊತೆಯಾಗುತ್ತದೆ. ನಿನ್ನ ತುಟಿ ಅವಳಿಗೆ ಚೆನ್ನಾಗಿ ತಿಳಿಯುತ್ತದೆ ಎಂದು ಯಾವಾಗಲೂ ಹೇಳುತ್ತಿರುತ್ತಾಳೆ. ಅವಳಿಗೆ ವಿಷಯ ಹೇಳಿದೆ. ಮುಖ ನೋಡಬೇಕಿತ್ತು, ಹತ್ತು ವರ್ಷ ಕಡಿಮೆಯಾಯಿತು.

ಸಹಿಯ ಚಿಂತೆ ನಿನಗೆ ಬೇಡವೇ ಬೇಡ. ಅದನ್ನು ಕೇಳುವುದೂ ಇಲ್ಲ. ನೀನು ಹೊರಟ ಮೇಲೆ ಫೋರ್‌ಮನ್ ನೋಡಿಕೊಳ್ಳುತ್ತಾನೆ. ನೀನು ಏನೂ ಮಾಡಬೇಕಾಗಿಲ್ಲ. ಯಾರಿಗೂ ಏನೂ ಹೇಳಬೇಕಾಗಿಯೂ ಇಲ್ಲ.

ತಿಂಗಳ ಕೊನೆಯೊಳಗೆ ಬಂದುಬಿಡು.

ಇಂತಿ ನಿನ್ನ ಭಾವ


ಏಪ್ರಿಲ್ 15

ತಮ್ಮಾ,

ಮೇಲಿನ ಕೋಣೆ ಗುಡಿಸಿ, ಒರೆಸಿ, ಕಿಟಕಿಗೆ ಹೊಸ ಪರದೆ ಹಾಕಿದ್ದೀನಿ. ಮಂಚದ ಒಂದು ಕಾಲು ಕುಂಟುತ್ತಿತ್ತು. ನೀನು ಬಂದ ದಿನವೇ ಅದನ್ನು ಕಂಡುಹಿಡಿದು ಮುಖ ಸಿಂಡರಿಸುತ್ತೀಯ ಅಂತ ಬಡಗಿಯನ್ನು ಕರೆಸಿ ಸರಿಮಾಡಿಸಿದೆ. ಊಟವಾದಮೇಲೆ ನಾವಿಬ್ಬರೂ ಮಹಡಿಯ ಮೇಲೆ ಕೂತು ಮಾತಾಡಬಹುದು. ಅದನ್ನೇ ನೆನೆಸಿಕೊಂಡು ಒಬ್ಬಳೇ ನಗುತ್ತಿರುತ್ತೀನಿ. ನಿಮ್ಮ ಭಾವ ಮತ್ತೆ ನನ್ನ ಎದುರಿಗೆ ಕೂತು ಊಟ ಮಾಡುತ್ತಿದ್ದಾರೆ. ಪಕ್ಕದ ಬೀದಿಯಲ್ಲಿ ಯಾರಿಗೆ ಮಗು ಹುಟ್ಟಿತು, ಯಾರ ಮನೆ ಗೋಡೆ ಬಿರುಕು ಬಿಟ್ಟಿತು, ಎಲ್ಲ ಹೇಳಿದರು. ಬರಗೆಟ್ಟವಳ ಹಾಗೆ ಅವರ ಬಾಯನ್ನೇ ನೋಡುತ್ತ ಕೂತಿದ್ದೆ. ಅನ್ನ ಆರಿಹೋಯಿತು.

ಇನ್ನೊಂದು ವಿಷಯ ಇದೆ. ಬರೆಯಲೋ ಬೇಡವೋ ಅಂತ ಎರಡು ದಿನ ಯೋಚಿಸಿದೆ.

ಷೋರೂಮಿನಲ್ಲಿ ಅವರದೊಂದು ಗಾಜಿನ ಕೋಣೆ ಇದೆಯಲ್ಲ. ಟೀ ತಗೊಂಡು ಮೆಟ್ಟಿಲು ಇಳಿಯುತ್ತಿದ್ದೆ. ಅವರು ಒಳಗೆ ಫೋನಿನಲ್ಲಿದ್ದರು. ಗಾಜಿನ ಆಚೆ ಮಾತಾಡಿದರೆ ಯಾರಿಗೂ ಕೇಳಿಸುವುದಿಲ್ಲ ಅಂತ ಅದನ್ನು ಕಟ್ಟಿಸಿದ್ದು. ಮುಖ ಮೆಟ್ಟಿಲಿನ ಕಡೆಗೇ ಇತ್ತು. ನಾನು ಓದಬೇಕು ಅಂತ ಓದಲಿಲ್ಲ. ಕಣ್ಣಿಗೆ ಬಿದ್ದ ಮೇಲೆ ಹೇಗೆ ಬಿಡಲಿ ಹೇಳು.

ಶಾಲೆಯವರ ಹತ್ತಿರ ಮಾತಾಡುತ್ತಿದ್ದರು. ಅವರು ಹೇಳಿದ್ದು ಅಕ್ಷರ ಬಿಡದೆ ಇದು. "ಮಕ್ಕಳ ವಿಷಯದಲ್ಲಿ ಯೋಚನೆನೇ ಮಾಡ್ಬೇಡಿ ಮೇಡಂ. ನಮ್ಮ ಇನ್‌ಸ್ಪೆಕ್ಟರ್ ಇದಾರಲ್ಲ, ನಮ್ಮನೆಯವ್ರೇ, ಅವ್ರು ಸ್ವತಃ ಕಪಾಟಿನೊಳಗೆ ಕೂತು, ಬಾಗಿಲು ಹಾಕಿಸ್ಕೊಂಡು ನೋಡಿದಾರೆ. ಇಂಥಾ ತಪಾಸಣೆ ನಿಮಗೆ ಇನ್ನೆಲ್ಲೂ ಸಿಗಲ್ಲ."

ಆಮೇಲೆ ನಕ್ಕರು. ನನ್ನನ್ನು ನೋಡಿ ಟೀ ಒಳಗೆ ತಾ ಅಂತ ಕರೆದರು. ಕೊಟ್ಟು ಬಂದೆ.

ಅವರು ಹೇಳಿದ್ದರಲ್ಲೂ ಒಂದು ಸುಳ್ಳಿಲ್ಲ, ಅಲ್ಲವಾ?

ನಿನಗೆ ಹೀಗೆ ಮಾಡು ಅಂತ ನಾನು ಹೇಳುವುದಿಲ್ಲ. ಹೇಳಿದರೆ ನೀನು ಮಾಡಿಬಿಡುತ್ತೀಯ, ಆಮೇಲೆ ಅದು ನಾನು ಮಾಡಿದ ಹಾಗೆ ಆಗುತ್ತದೆ. ನೀನು ಬಂದರೆ ನನಗೆ ಸಂತೋಷ. ನಾನು ಕಂಡದ್ದನ್ನು ಮುಚ್ಚಿಟ್ಟು ನಿನಗೆ ಮಂಚ ಹಾಸಿಕೊಡುವುದು ನನ್ನ ಕೈಲಾಗಲಿಲ್ಲ. ಎರಡೂ ನಿಜ ಕಣೋ.

ಅಕ್ಕ


ಏಪ್ರಿಲ್ 22

ಪ್ರೀತಿಯ ಅಕ್ಕನಿಗೆ,

ನಿನ್ನ ಕಾಗದ ಕೈಸೇರುವ ಮೊದಲೇ ಬ್ಯಾಚು ಹೊರಟುಹೋಗಿತ್ತು. ಶಾಲೆಯವರನ್ನು ಕಾಯಿಸಲಾಗದೆಂದು ಭಾವ ನನ್ನ ಉತ್ತರವನ್ನೂ ಕಾಯಲಿಲ್ಲ. ನನ್ನನ್ನು ಬಣ್ಣದ ಪುಡಿ ಆರಿಸಲೆಂದು ಇನ್ನೊಂದು ಊರಿಗೆ ಕಳಿಸಿದ್ದರು. ಮರಳಿ ಬಂದಾಗ ಅಂಗಳ ಖಾಲಿಯಿತ್ತು. ಕೆಂಪು ಚೀಟಿಗಳನ್ನು ಒಂದೂ ಹರಿಯದಂತೆ ಬಿಡಿಸಿ, ಕಟ್ಟು ಕಟ್ಟಿ, ನನ್ನ ಮೇಜಿನ ಮೇಲಿಟ್ಟಿದ್ದರು.

ರೇಡಿಯೋ ಸಹಿ ಹಾಕಿದ್ದಾನೆ. ಅವನಿಗೆ ಮೂವರು ಹೆಣ್ಣುಮಕ್ಕಳು. ನಾನು ಏನೂ ಕೇಳಲಿಲ್ಲ. ಅವನು ಒಂದೇ ಮಾತು ಹೇಳಿ ಹೋದ. "ಎಲ್ಲಾ ಸಾಲೂ ನಿಜಾನೇ ಇತ್ತು ಸಾಹೇಬ್ರೇ, ನೋಡ್ಕೊಂಡೇ ಹಾಕ್ದೆ." ಆ ಮೇಲೆ ಸಂಜೆಯವರೆಗೂ ಅವನ ದನಿ ಯಾರಿಗೂ ಕೇಳಿಸಲಿಲ್ಲ. ಯಂತ್ರಗಳ ಸದ್ದು ಇಷ್ಟೊಂದು ಜೋರಾಗಿದೆಯೆಂದು ನನಗೆ ಅಂದು ಗೊತ್ತಾಯಿತು.

ಶಾಲೆಯ ಮೇಲ್ವಿಚಾರಕಿಗೆ ಫೋನ್ ಮಾಡಿದೆ. ಕಪಾಟುಗಳನ್ನು ಬಳಸಬೇಡಿ, ಒಳಗಿನಿಂದ ತೆರೆಯುವುದಿಲ್ಲ ಎಂದೆ. ತಾವು ಯಾರು ಎಂದು ಕೇಳಿದರು. ಹೇಳಿದೆ. "ಅಯ್ಯೋ, ಒಳಗೆ ಕೂತು ನೋಡಿದವರು ನೀವೇನಾ" ಎಂದು ಆಕೆ ಸಂತೋಷಪಟ್ಟರು. ಒಳಗೆ ಕೂತು ನೋಡಿದ್ದರಿಂದಲೇ ಹೇಳುತ್ತಿದ್ದೇನೆ ಎಂದೆ. ಆಕೆ ಹೋಗಿ ಬಾಗಿಲು ತೆರೆದು ಹಿಡಿಯನ್ನು ಒತ್ತಿ ನೋಡಿ ಬಂದು, ಚೆನ್ನಾಗಿಯೇ ಇಳಿಯುತ್ತದಲ್ಲ ಎಂದರು. ಬಾಗಿಲು ಮುಚ್ಚಿದಾಗ ಇಳಿಯುವುದಿಲ್ಲ ಎಂದೆ. ಮುಚ್ಚಿದ ಮೇಲೆ ನೋಡುವುದು ಹೇಗೆ ಎಂದರು. ಆಮೇಲೆ ದನಿ ತಗ್ಗಿಸಿ, ಮಾಲೀಕರಿಗೂ ನಿಮಗೂ ಏನಾದರೂ ಮನಸ್ತಾಪವೇ ಎಂದು ಕೇಳಿದರು. ಆಕೆಯ ಜಾಗದಲ್ಲಿ ನಾನಿದ್ದರೂ ಅದನ್ನೇ ಕೇಳುತ್ತಿದ್ದೆ. ಸೋಮವಾರ ಮಕ್ಕಳು ಬರುತ್ತಾರೆ.

ಈ ದೋಷವನ್ನು ಮಾತಿನಲ್ಲಿ ತೋರಿಸಲು ಬರುವುದಿಲ್ಲ. ಆಕೆಯ ಕಣ್ಣೆದುರಿಗೆ ಒಬ್ಬರು ಒಳಗೆ ಹೋಗಬೇಕು, ಆಕೆ ಬಾಗಿಲು ಹಾಕಬೇಕು.

ಆ ಕಪಾಟಿನೊಳಗೆ ಮತ್ತೆ ನಿಲ್ಲಲು ನನಗೆ ಹೆದರಿಕೆ. ಗುರುವಾರದ ಆ ಘಟನೆಯ ನಂತರ ನಾನು ನನ್ನ ಕೋಣೆಯ ಬಾಗಿಲನ್ನೂ ಚಿಲಕ ಹಾಕದೆ ಮಲಗುತ್ತಿದ್ದೇನೆ. ಇದನ್ನು ಬರೆಯುವ ಅಗತ್ಯವಿರಲಿಲ್ಲ. ಜ್ವರ ಹೇಗಿದೆ ಎಂದು ಹೇಳುವುದಿಲ್ಲ ಎಂದು ನೀನು ದೂರಿದ್ದರಿಂದ ಬರೆದೆ.

ನಿನ್ನೆ ಭಾವನಿಗೆ ಫೋನಿನಲ್ಲಿ ತಿಳಿಸಿದೆ. ಷೋರೂಮಿಗೆ ಬರುವುದಿಲ್ಲ, ಕಾರ್ಖಾನೆಯನ್ನೂ ಬಿಡುತ್ತಿದ್ದೇನೆ, ಶಾಲೆಗೆ ಹೋಗುತ್ತಿದ್ದೇನೆ ಎಂದೆ. ಅವರು ಮೆಲ್ಲಗೆ ಹೇಳಿದರು. "ಹೋಗಪ್ಪ. ಯಾರು ಬೇಡ ಅಂದ್ರು? ನಿಮ್ಮಕ್ಕ ಇಲ್ಲೇ ಇರ್ತಾಳೆ." ನೀನು ಕಂಡದ್ದನ್ನು ನಾನು ಅವರಿಗೆ ಹೇಳಿಲ್ಲ. ಆದರೂ ಇದು ನಿನಗೆ ತಟ್ಟುತ್ತದೆ. ಈ ಸಲ ಅವರು ಕಿಟಕಿಯ ಕಡೆಯಿಂದ ಯಾವಾಗ ತಿರುಗುತ್ತಾರೋ ತಿಳಿಯದು. ಅದಕ್ಕೆ ಕಾರಣ ನಾನು. ಎಷ್ಟು ರೀತಿ ಹೊಂದಿಸಿ ನೋಡಿದರೂ ಆ ಬ್ರಾಕೆಟ್ಟೂ ಒಳಹಿಡಿಯೂ ತಗುಲಿದಂತೆ ನಿನ್ನ ಹಿತವೂ ಆ ಮಕ್ಕಳ ಹಿತವೂ ಒಂದಕ್ಕೊಂದು ತಗುಲುತ್ತಲೇ ಇದ್ದವು. ಹೆಬ್ಬೆರಳಿನಗಲದ ಜಾಗವೂ ಸಿಗಲಿಲ್ಲ.

ಡ್ರೈವರ್ ಇದೊಂದು ಕಾಗದವನ್ನು ತಲುಪಿಸಲು ಒಪ್ಪಿದ್ದಾನೆ. ಇನ್ನು ಮುಂದೆ ತನ್ನಿಂದಾಗದು ಎಂದು ಕೈಮುಗಿದ. ಮುಂದೆ ಅಂಚೆಯಲ್ಲೇ ಬರೆಯುತ್ತೇನೆ. ಅವುಗಳನ್ನು ಕೆಳಗೆ ಷೋರೂಮಿನಲ್ಲೇ ಒಡೆಯುತ್ತಾರೆ. ಆದ್ದರಿಂದ ಹವಾಮಾನ, ಆರೋಗ್ಯ, ನನ್ನ ಹೊಸ ವಿಳಾಸ, ಇಷ್ಟೇ ಇರುತ್ತದೆ. ವಿಳಾಸ ಇನ್ನೂ ಇಲ್ಲ. ಈ ಕಸುಬಿನಲ್ಲಿ ಭಾವನನ್ನು ಅರಿಯದವರು ಇಲ್ಲದಿರುವುದರಿಂದ ಬೇರೆ ಕಸುಬು ಹುಡುಕಬೇಕು.

ಒಂದು ಕೈಗರಗಸವನ್ನೂ ನನ್ನ ಸ್ವಂತದ ಎರಡು ಅರಗಳನ್ನೂ ಚೀಲಕ್ಕೆ ಹಾಕಿಕೊಂಡಿದ್ದೇನೆ. ಬ್ರಾಕೆಟ್ಟಿನ ತುದಿಗಳನ್ನು ಕೈಯಿಂದಲೇ ಕೊಯ್ಯಬಹುದು, ನಿಧಾನವಾಗುತ್ತದೆ. ಕೊಯ್ದ ಕಡೆ ಬಣ್ಣವಿರುವುದಿಲ್ಲ, ಬೇಗ ತುಕ್ಕು ಹಿಡಿಯುತ್ತದೆ. ಇಂಥ ಕೆಲಸವನ್ನು ಬೇರೆ ಯಾರಾದರೂ ಮಾಡಿದ್ದರೆ ನಾನು ತಿರಸ್ಕರಿಸುತ್ತಿದ್ದೆ.

ತೀರ್ಮಾನಿಸಿದ್ದು ಇಷ್ಟು. ನಾಳೆ ಬೆಳಿಗ್ಗೆ ಶಾಲೆಗೆ ಹೋಗಿ, ಮೇಲ್ವಿಚಾರಕಿಯ ಎದುರಿಗೆ ಕಪಾಟಿನೊಳಗೆ ನಿಂತು, ಬಾಗಿಲು ಹಾಕಿಸಿಕೊಳ್ಳುತ್ತೇನೆ. ಆಕೆ ತೆರೆದ ಮೇಲೆ ಒಂದೊಂದಾಗಿ ಎಲ್ಲ ಬ್ರಾಕೆಟ್ಟುಗಳನ್ನೂ ಕೊಯ್ಯುತ್ತೇನೆ. ನಿನ್ನ ಮನೆಗೆ ಬರುವುದಿಲ್ಲ.

ನಿನ್ನ ತಮ್ಮ